ಡಿಜಿಟಲ್ ಚಿತ್ರ ಮಾರೋಕೆ ಯಾವ ಅಂಗಡಿ? 99 ರೂಪಾಯಿ ಎಲ್ಲಿ ಹೋಗುತ್ತದೆ ನೋಡಿ

ಕಲಬುರಗಿ, ಬೀದರ್ ಕಡೆ ಟ್ಯಾಬ್ಲೆಟ್ ಹಿಡಿದು ಚಿತ್ರ ಬಿಡಿಸುವವರು ಈಗ ಜಾಸ್ತಿ ಆಗಿದ್ದಾರೆ. ಕೆಲವರು ಆರ್ಟ್ ಕಾಲೇಜಿನಲ್ಲಿ ಓದಿದವರು, ಕೆಲವರು ಫ್ಲೆಕ್ಸ್ ಅಂಗಡಿಯಲ್ಲಿ ಕೂತು ಕೋರೆಲ್‌ಡ್ರಾ ಅನ್ನೋ ವಿನ್ಯಾಸದ ಸಾಫ್ಟ್‌ವೇರ್ ಕಲಿತವರು. ಇವರೆಲ್ಲರ ಕೆಲಸ ಒಂದೇ ಕಡೆ ಮಾರಾಟಕ್ಕೆ ಸಿಗುವಂಥ ಆನ್‌ಲೈನ್ ಮಾರುಕಟ್ಟೆ ಮಾಡೋಣ ಅಂತ ನಾವು ಕೆಲವರು ಸೇರಿ ಹೊರಟೆವು. ಇನ್‌ಸ್ಟಾಗ್ರಾಂ, ಆಮೇಲೆ ಆನ್‌ಲೈನ್ ಅಂಗಡಿ ಇಡಲು ಸಿಗುವ ಗಮ್‌ರೋಡ್, ಶಾಪಿಫೈ, ವೂಕಾಮರ್ಸ್ ಎಲ್ಲವನ್ನೂ ನಡೆಸಿ ನೋಡಿದೆವು. ಇಟ್ಟ ಸರಕು ಎಲ್ಲ ಕಡೆ ಅದೇ: ಮೊಬೈಲ್ ವಾಲ್‌ಪೇಪರ್, ಮದುವೆ ಕಾರ್ಡಿನ ಟೆಂಪ್ಲೇಟ್, ಬಿದ್ರಿ ಶೈಲಿಯ ಬಳ್ಳಿ ಹೂವಿನ ನಕ್ಷೆ, ಕನ್ನಡ ಅಕ್ಷರ ವಿನ್ಯಾಸ. ಬೆಲೆ 99 ರೂಪಾಯಿಯಿಂದ ಶುರು.

ಯಾವ ಅಂಗಡಿ ನೋಡೋಕೆ ಚೆಂದ ಅನ್ನೋದನ್ನು ನಾನು ಹೇಳಲ್ಲ. ನಾನು ಲೆಕ್ಕ ಇಟ್ಟಿದ್ದು ಇಷ್ಟೇ: ಗಿರಾಕಿ ಕೊಟ್ಟ 99 ರೂಪಾಯಿಯಲ್ಲಿ ಕಲಾವಿದರ ಖಾತೆಗೆ ಎಷ್ಟು ಬಂತು, ಯಾವಾಗ ಬಂತು, ನಡುವೆ ಯಾರ ಕೈಯಲ್ಲಿ ನಿಂತಿತ್ತು.

ಕಡಿಮೆ ಬೆಲೆಗೆ ಚಿತ್ರ ಮಾರುವುದು ಈ ಊರಿಗೆ ಹೊಸದೇನಲ್ಲ. 1916ರಲ್ಲಿ ಕಲಬುರಗಿಯಲ್ಲೇ ಹುಟ್ಟಿದ ಚಿತ್ರಕಾರ ಎಸ್.ಎಂ. ಪಂಡಿತರ ದೇವರ ಚಿತ್ರಗಳು ಕ್ಯಾಲೆಂಡರ್‌ಗಳ ಮೇಲೆ ಅಚ್ಚಾಗಿ ದೇಶದ ಎಷ್ಟೋ ಮನೆಗಳ ಗೋಡೆ ಸೇರಿದವು. ಚಿತ್ರ ಒಂದೇ, ಪ್ರತಿಗಳು ಸಾವಿರ, ಒಂದೊಂದಕ್ಕೂ ಸಣ್ಣ ಬೆಲೆ. ಡಿಜಿಟಲ್ ಫೈಲ್ ವ್ಯಾಪಾರವೂ ಇದೇ ದಾರಿಯದು. ಬೆಲೆ ಸಣ್ಣದಿದ್ದಾಗ ನಡುವಿನವರು ಹಿಡಿದುಕೊಳ್ಳುವ ಒಂದೊಂದು ರೂಪಾಯಿಯೂ ಎದ್ದು ಕಾಣುತ್ತದೆ.

ಮೊದಲು ಇನ್‌ಸ್ಟಾಗ್ರಾಂ ಮತ್ತು ಯುಪಿಐ. ಇದು ಎಲ್ಲರೂ ಶುರು ಮಾಡುವ ಜಾಗ. ಚಿತ್ರ ಹಾಕು, ಕ್ಯೂಆರ್ ಕಳಿಸು, ರೊಕ್ಕ ಬಂದ ಮೇಲೆ ಡ್ರೈವ್ ಲಿಂಕ್ ಕೊಡು. 2020ರ ಜನವರಿಯಿಂದ ಯುಪಿಐ ಮೇಲೆ ವ್ಯಾಪಾರಿಗೆ ಎಂಡಿಆರ್ (ಪಾವತಿ ಪಡೆಯಲು ವ್ಯಾಪಾರಿ ಬ್ಯಾಂಕಿಗೆ ಕೊಡುವ) ಶುಲ್ಕ ಇಲ್ಲ. ಹಾಗಾಗಿ 99ಕ್ಕೆ 99 ಪೂರ್ತಿ ಕೈಗೆ ಬರುತ್ತದೆ, ತಕ್ಷಣ ಬರುತ್ತದೆ. ಈ ಒಂದು ವಿಷಯದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ.

ಆದರೆ ಅಂಗಡಿಯಲ್ಲಿ ಕೂರೋರು ಯಾರು? ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬರುತ್ತದೆ: "ಅಕ್ಕಾ, ರೊಕ್ಕ ಹಾಕೀನ್ರಿ, ಫೈಲ್ ಕಳಸ್ರಿ." ಜೊತೆಗೊಂದು ಸ್ಕ್ರೀನ್‌ಶಾಟ್. ಅದು ನಿಜವಾ, ಎಡಿಟ್ ಮಾಡಿದ್ದಾ ಅಂತ ನೋಡುತ್ತಾ ಕೂರಬೇಕು. ಹಾಗಾಗಿ ಸ್ಕ್ರೀನ್‌ಶಾಟ್ ನೋಡೋದನ್ನೇ ಬಿಟ್ಟು, 12 ಅಂಕಿಯ ಯುಪಿಐ ರೆಫರೆನ್ಸ್ ನಂಬರ್ ತರಿಸಿಕೊಂಡು ಬ್ಯಾಂಕ್ ಆ್ಯಪ್‌ನಲ್ಲಿ ತಾಳೆ ನೋಡುವ ಪದ್ಧತಿ ಇಟ್ಟುಕೊಂಡೆವು. ಒಬ್ಬರೇ ಕಲಾವಿದರಿದ್ದರೆ ಇದು ನಡೆಯುತ್ತದೆ. ಹತ್ತು ಜನ ಇದ್ದರೆ ಹತ್ತು ಕ್ಯೂಆರ್. ಒಂದು ಗಿರಾಕಿ ಮೂವರ ಚಿತ್ರ ತಗೊಂಡರೆ ಮೂರು ಸಲ ರೊಕ್ಕ ಹಾಕಬೇಕು. ಅದನ್ನು ಮಾರುಕಟ್ಟೆ ಅನ್ನೋಕಾಗಲ್ಲ ಅಲ್ವಾ?

ಗಮ್‌ರೋಡ್ ಇದಕ್ಕೆ ಪೂರ್ತಿ ಉಲ್ಟಾ. ಫೈಲ್ ಹಾಕಿ ಮಲಗಿದರೆ ಸಾಕು, ಮಾರಾಟ, ಡೌನ್‌ಲೋಡ್, ರಸೀದಿ ಎಲ್ಲ ಅದೇ ನೋಡಿಕೊಳ್ಳುತ್ತದೆ. 2025ರ ಜನವರಿಯಿಂದ ಬೇರೆ ದೇಶಗಳ ಮಾರಾಟ ತೆರಿಗೆಯನ್ನೂ ಅವರೇ ವಸೂಲಿ ಮಾಡಿ ಕಟ್ಟುತ್ತಾರೆ. ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ಗಿರಾಕಿಗೆ ಮಾರುವವರಿಗೆ ಇದು ದೊಡ್ಡ ನೆಮ್ಮದಿ. ಶುಲ್ಕ ನೋಡಿ: ಮಾರಾಟದ 10 ಪರ್ಸೆಂಟ್, ಅದರ ಮೇಲೆ ಪ್ರತಿ ಮಾರಾಟಕ್ಕೂ 50 ಸೆಂಟ್, ಕಾರ್ಡ್ ಪಾವತಿಯ ಶುಲ್ಕ ಬೇರೆ. ಅವರ 'ಡಿಸ್ಕವರ್' ಪುಟದ ಮೂಲಕ ಗಿರಾಕಿ ಬಂದರೆ 30 ಪರ್ಸೆಂಟ್.

ಆ 50 ಸೆಂಟ್ ಸಣ್ಣದು ಅನ್ನಿಸಬಹುದು. ನಮ್ಮ ಲೆಕ್ಕದಲ್ಲಿ ಅದು ನಲವತ್ತು ರೂಪಾಯಿಗಿಂತ ಜಾಸ್ತಿ. 99ರ ವಾಲ್‌ಪೇಪರ್‌ನಲ್ಲಿ ಹತ್ತು ರೂಪಾಯಿ ಕಮಿಷನ್, ಮೇಲೆ ಈ ನಲವತ್ತು ಚಿಲ್ಲರೆ ಹೋದರೆ ಕಲಾವಿದರಿಗೆ ಅರ್ಧವೂ ಉಳಿಯಲ್ಲ. ಅದೇ 1,500 ರೂಪಾಯಿಯ ನಕ್ಷೆಗಳ ಸೆಟ್ ಆದರೆ ಇವೆರಡೂ ಸೇರಿ ಹೋಗುವುದು ಇನ್ನೂರರ ಒಳಗೆ. ಹಾಗಾಗಿ ಗಮ್‌ರೋಡ್‌ನಲ್ಲಿ ಬಿಡಿ ಫೈಲ್ ಇಡಬೇಡಿ, ಸೆಟ್ ಮಾಡಿ ಇಡಿ. ನಮ್ಮಲ್ಲಿ ಬೀದರಿನ ಕಲಾವಿದೆಯೊಬ್ಬರು ಅಶರ್ಫಿ ಬೂಟಿ, ಬಳ್ಳಿ, ಅಂಚು, ಮೂಲೆ ಹೂವು ಎಲ್ಲ ಸೇರಿಸಿ ಒಂದೇ ಕಟ್ಟಾಗಿ ಇಟ್ಟರು, ಹೊರದೇಶದವರು ಕೊಂಡದ್ದು ಅದನ್ನೇ. ಒಂದು ಎಚ್ಚರ: ಬಿದ್ರಿಗೆ ಭೌಗೋಳಿಕ ಸೂಚನೆಯ (ಜಿಐ) ಗುರುತು ಇದೆ. ಅದು ಸತು ತಾಮ್ರದ ಪಾತ್ರೆಯಲ್ಲಿ ಬೆಳ್ಳಿ ಕೂರಿಸುವ ಕೈಕೆಲಸದ ಹೆಸರು. ಫೈಲ್‌ಗೆ 'ಬಿದ್ರಿ ಶೈಲಿಯ ನಕ್ಷೆ' ಅಂತ ಬರೆಯಿರಿ, 'ಬಿದ್ರಿ' ಅಂತಷ್ಟೇ ಬೇಡ.

ಊರ ಗಿರಾಕಿಗೆ ಮಾತ್ರ ಇದು ಒಗ್ಗಲಿಲ್ಲ. ಕಾರ್ಡ್ ನಂಬರ್ ಹಾಕಿ ಅಂದ ಕೂಡಲೇ "ಫೋನ್‌ಪೇ ಇಲ್ಲೇನ್ರಿ?" ಅನ್ನುತ್ತಾರೆ.

ಶಾಪಿಫೈ ಬಗ್ಗೆ ಬೇಗ ಮುಗಿಸುತ್ತೇನೆ. ಅಂಗಡಿ ಕಟ್ಟೋದು ಬಹಳ ಸುಲಭ, ಒಂದು ಸಂಜೆಯ ಕೆಲಸ. ಬೇಸಿಕ್ ಪ್ಲಾನ್‌ಗೆ ತಿಂಗಳಿಗೆ ಎರಡು ಸಾವಿರದ ಆಸುಪಾಸು. ಅವರದೇ ಪೇಮೆಂಟ್ ವ್ಯವಸ್ಥೆ ಭಾರತದಲ್ಲಿ ಇಲ್ಲ. ಬೇರೆ ಗೇಟ್‌ವೇ (ಗಿರಾಕಿಯಿಂದ ಆನ್‌ಲೈನ್ ಪಾವತಿ ಪಡೆದು ಖಾತೆಗೆ ಹಾಕುವ ಕಂಪನಿ) ಹಾಕಿದರೆ ಗೇಟ್‌ವೇ ಶುಲ್ಕ ಅಲ್ಲದೆ ಶಾಪಿಫೈಗೂ 2 ಪರ್ಸೆಂಟ್. ಜೊತೆಗೆ ಇದು ಹುಟ್ಟಿನಿಂದ ಒಬ್ಬ ವ್ಯಾಪಾರಿಯ ಅಂಗಡಿ. ಹಲವರು ಮಾರಬೇಕಾದರೆ ಇನ್ನೊಂದು ಆ್ಯಪ್, ಅದಕ್ಕೆ ಇನ್ನೊಂದು ತಿಂಗಳ ಬಾಡಿಗೆ. ನಾವು 15 ಪರ್ಸೆಂಟ್ ಕಮಿಷನ್ ಇಟ್ಟು ಅದರಲ್ಲೇ ಆ ಎರಡೂ ಶುಲ್ಕ ಕಟ್ಟಿದರೆ, ಬರೀ ಶಾಪಿಫೈ ಬಾಡಿಗೆ ಹುಟ್ಟಲು ತಿಂಗಳಿಗೆ ನೂರೆಂಬತ್ತಕ್ಕೂ ಜಾಸ್ತಿ ವಾಲ್‌ಪೇಪರ್ ಮಾರಬೇಕು. ಹೊಸ ಮಾರುಕಟ್ಟೆಗೆ ಅದು ಆಗದ ಮಾತು. ಟೀ ಶರ್ಟ್, ಫ್ರೇಮ್ ಹಾಕಿದ ಪ್ರಿಂಟ್ ಮಾರುವವರಿಗೆ ಚೆನ್ನಾಗಿದೆ.

ಕೊನೆಗೆ ಜಾಲತಾಣ ಕಟ್ಟುವ ವರ್ಡ್‌ಪ್ರೆಸ್, ಅದರ ಮೇಲೆ ಅಂಗಡಿ ಇಡುವ ವೂಕಾಮರ್ಸ್, ಅದರ ಮೇಲೆ ದೋಕಾನ್. ವೂಕಾಮರ್ಸ್ ಪುಕ್ಕಟೆ. ದೋಕಾನ್ ಢಾಕಾದ ಕಂಪನಿಯ ಪ್ಲಗಿನ್ (ತಾಣಕ್ಕೆ ಜೋಡಿಸುವ ಸಾಫ್ಟ್‌ವೇರ್), ಒಂದೇ ತಾಣದಲ್ಲಿ ಹಲವರು ಅಂಗಡಿ ಇಡುವಂತೆ ಮಾಡುತ್ತದೆ. ಒಬ್ಬೊಬ್ಬ ಕಲಾವಿದರಿಗೂ ತಮ್ಮದೇ ಪುಟ, ತಮ್ಮದೇ ಲೆಕ್ಕ. ಯಾವ ಫೈಲ್ ಎಷ್ಟು ಮಾರಿತು ಅಂತ ಅವರೇ ನೋಡಿಕೊಳ್ಳುತ್ತಾರೆ, ನನಗೆ ಫೋನ್ ಮಾಡಲ್ಲ. ಎಷ್ಟು ಸಲ ಡೌನ್‌ಲೋಡ್ ಮಾಡಬಹುದು, ಎಷ್ಟು ದಿನ ಲಿಂಕ್ ನಡೆಯಬೇಕು ಅನ್ನೋದನ್ನೂ ಒಂದೊಂದು ಸರಕಿಗೆ ಬೇರೆ ಬೇರೆ ಇಡಬಹುದು.

ತಲೆನೋವು ಶುರುವಾಗಿದ್ದು ದೊಡ್ಡ ಫೈಲ್‌ಗಳಿಂದ. ಅಗ್ಗದ ಹೋಸ್ಟಿಂಗ್‌ನಲ್ಲಿ (ತಾಣ ಇಡುವ ಬಾಡಿಗೆ ಜಾಗ) ಪಿಎಚ್‌ಪಿ, ಅಂದರೆ ತಾಣ ನಡೆಸುವ ಪ್ರೋಗ್ರಾಂ, ಮೂಲಕ ಡೌನ್‌ಲೋಡ್ ಕೊಟ್ಟರೆ, ಮುನ್ನೂರು ಎಂಬಿಯ ಪಿಎಸ್‌ಡಿ (ಫೋಟೋಶಾಪ್ ಫೈಲ್) ನಡುವೆಯೇ ನಿಂತುಹೋಗಬಹುದು. ರೊಕ್ಕ ಕೊಟ್ಟ ಗಿರಾಕಿಗೆ ಅರ್ಧ ಫೈಲ್. ವೂಕಾಮರ್ಸ್ ಸೆಟ್ಟಿಂಗ್‌ನಲ್ಲಿ ಡೌನ್‌ಲೋಡ್ ವಿಧಾನವನ್ನು ಸರ್ವರ್ ತಾನೇ ನೇರವಾಗಿ ಫೈಲ್ ಕೊಡುವ ಎಕ್ಸ್-ಸೆಂಡ್‌ಫೈಲ್‌ಗೆ ಬದಲಿಸಬೇಕು, ಅದನ್ನು ಹೋಸ್ಟಿಂಗ್‌ನವರೂ ತೆರೆದು ಕೊಟ್ಟಿರಬೇಕು. ಹೋಸ್ಟಿಂಗ್ ಕೊಳ್ಳುವ ಮುಂಚೆಯೇ ಕೇಳಿಕೊಳ್ಳಿ.

ಇನ್ನು ರೊಕ್ಕದ ವಿಷಯ. ರೇಜರ್‌ಪೇ ಥರದ ಗೇಟ್‌ವೇಗೆ 2 ಪರ್ಸೆಂಟ್, ಆ ಶುಲ್ಕದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 99ಕ್ಕೆ ಹೋಗುವುದು ಎರಡೂವರೆ ರೂಪಾಯಿಯ ಒಳಗೆ. ನಮ್ಮ 15 ರೂಪಾಯಿ ಕಮಿಷನ್‌ನಲ್ಲೇ ಅದನ್ನು ಭರಿಸುತ್ತೇವೆ, ಕಲಾವಿದರಿಗೆ 84 ಸೇರುತ್ತದೆ. ಯುಪಿಐಯ 99ಕ್ಕಿಂತ ಕಡಿಮೆ ನಿಜ, ಆದರೆ ರಾತ್ರಿ ಹನ್ನೊಂದಕ್ಕೆ ಯಾರೂ ಎದ್ದು ಲಿಂಕ್ ಕಳಿಸಬೇಕಿಲ್ಲ.

ದೋಕಾನ್‌ನ ಪುಕ್ಕಟೆ ಆವೃತ್ತಿಯಲ್ಲಿ ಎಲ್ಲರ ರೊಕ್ಕ ಮೊದಲು ನಮ್ಮ ಖಾತೆಗೆ ಬಂದು, ಆಮೇಲೆ ನಾವು ಹಂಚಬೇಕು. ಸುಲಭ ಅನ್ನಿಸುತ್ತದೆ. ಆದರೆ 2020ರಲ್ಲಿ ರಿಸರ್ವ್ ಬ್ಯಾಂಕ್ ಪೇಮೆಂಟ್ ಅಗ್ರಿಗೇಟರ್ (ವ್ಯಾಪಾರಿಗಳ ಪರವಾಗಿ ರೊಕ್ಕ ಪಡೆದು ಅವರಿಗೆ ಸೇರಿಸುವವರ) ನಿಯಮ ತಂದ ಮೇಲೆ, ಬೇರೆ ವ್ಯಾಪಾರಿಗಳ ರೊಕ್ಕವನ್ನು ಮಾರುಕಟ್ಟೆ ನಡೆಸುವವರು ಸುಮ್ನೆ ಗಲ್ಲಾದಲ್ಲಿ ಸೇರಿಸಿಟ್ಟು ಹಂಚುವ ಹಾಗಿಲ್ಲ. ಹಾಗಾಗಿ ರೇಜರ್‌ಪೇ ರೂಟ್, ಕ್ಯಾಶ್‌ಫ್ರೀ ಈಜಿ ಸ್ಪ್ಲಿಟ್ ಥರದ ವ್ಯವಸ್ಥೆ ಬೇಕು. ಗಿರಾಕಿ ಒಂದೇ ಸಲ ಕೊಟ್ಟ ರೊಕ್ಕ ಗೇಟ್‌ವೇಯಲ್ಲೇ ಒಡೆದು, ಅವರವರ ಪಾಲು ಅವರವರ ಖಾತೆಗೆ ಹೋಗುತ್ತದೆ. ದೋಕಾನ್‌ನ ದುಡ್ಡು ಕೊಟ್ಟು ಕೊಳ್ಳುವ ಆವೃತ್ತಿಯಲ್ಲಿ ರೇಜರ್‌ಪೇ ಜೋಡಣೆ ಇದೆ. ನಾವು ದುಡ್ಡು ಕೊಟ್ಟಿದ್ದು ಅದಕ್ಕಾಗಿಯೇ. "ನನ್ನ ರೊಕ್ಕ ಯಾವಾಗ ಬರ್ತದ್ರಿ ಅಕ್ಕಾ?" ಅನ್ನೋ ಪ್ರಶ್ನೆ ಅವತ್ತಿಂದ ನಿಂತಿತು.

ವಿದೇಶಿ ಮಾರುಕಟ್ಟೆ ಸಾಫ್ಟ್‌ವೇರ್‌ಗಳು ಎಷ್ಟೇ ಚೆಂದ ಇರಲಿ, ಬಹಳಷ್ಟು ನಿಂತಿರುವುದು ಸ್ಟ್ರೈಪ್, ಪೇಪಾಲ್ ಅನ್ನೋ ವಿದೇಶಿ ಪಾವತಿ ಕಂಪನಿಗಳ ಮೇಲೆ. 2024ರಿಂದ ಭಾರತದಲ್ಲಿ ಸ್ಟ್ರೈಪ್ ಆಹ್ವಾನ ಇದ್ದವರಿಗೆ ಮಾತ್ರ. ಪೇಪಾಲ್ 2021ರ ಏಪ್ರಿಲ್‌ನಿಂದ ದೇಶದೊಳಗಿನ ಪಾವತಿ ನಿಲ್ಲಿಸಿದೆ. ಹಾಗಾಗಿ ಅವನ್ನು ನಾವು ಮುಟ್ಟಲಿಲ್ಲ.

ಕಾಗದಪತ್ರದ ಕೆಲಸವೂ ಇದೆ. ಮಾರುಕಟ್ಟೆ ನಡೆಸುವವರಿಗೆ ವಹಿವಾಟು ಎಷ್ಟೇ ಸಣ್ಣದಿರಲಿ ಜಿಎಸ್‌ಟಿ ನೋಂದಣಿ ಬೇಕು. ಕಲಾವಿದರಿಗೆ ಹಾಗಲ್ಲ. ಡಿಜಿಟಲ್ ಫೈಲ್ ಸೇವೆಯ ಲೆಕ್ಕಕ್ಕೆ ಬರುತ್ತದೆ, ವರ್ಷಕ್ಕೆ 20 ಲಕ್ಷದ ಒಳಗಿದ್ದರೆ ಅವರಿಗೆ ನೋಂದಣಿ ಕಡ್ಡಾಯ ಇಲ್ಲ. ನೋಂದಣಿ ಇರುವ ಕಲಾವಿದರ ಮಾರಾಟದ ಮೇಲೆ ನಾವು ಟಿಸಿಎಸ್ (ಮಾರುಕಟ್ಟೆಯವರೇ ಹಿಡಿದು ಸರಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕು. 2024ರ ಜುಲೈ 10ರಿಂದ ಅದು 1 ಪರ್ಸೆಂಟ್‌ನಿಂದ 0.5ಕ್ಕೆ ಇಳಿದಿದೆ. ನೋಂದಣಿ ಕಡ್ಡಾಯ ಅಲ್ಲ ಅಂತ ಹೇಳಿದ ಮೇಲೇ ಎಷ್ಟೋ ಜನ ಸೇರಲು ಒಪ್ಪಿದರು. ಜಿಎಸ್‌ಟಿ ಅಂದರೆ ಸಾಕು, ಎಲ್ಲರಿಗೂ ದಿಗಿಲು.

ಯಾವ ಪ್ಲಾಟ್‌ಫಾರ್ಮೂ ಹೇಳಿಕೊಡದ ಒಂದು ಸಂಗತಿ ಇದೆ. ನಮ್ಮಲ್ಲಿ ಜಾಸ್ತಿ ಕೊಳ್ಳುವವರು ಫ್ಲೆಕ್ಸ್ ಮತ್ತು ಮದುವೆ ಕಾರ್ಡ್ ಅಂಗಡಿಯವರು. ಅವರ ಮೊದಲ ಮಾತೇ "ಸಿಡಿಆರ್ ಐತೇನ್ರಿ?" ಸಿಡಿಆರ್ ಅಂದರೆ ಕೋರೆಲ್‌ಡ್ರಾದ ಫೈಲ್. ಹೊಸ ಕೋರೆಲ್‌ನಲ್ಲಿ ಸೇವ್ ಮಾಡಿದ ಫೈಲ್ ಅವರ ಹಳೇ ಆವೃತ್ತಿಯಲ್ಲಿ ತೆರೆಯಲ್ಲ, ಹಳೇ ಆವೃತ್ತಿಗೆ ಇಳಿಸಿ ಕೊಡಬೇಕು. ಅಕ್ಷರಗಳನ್ನು ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡದಿದ್ದರೆ (ಅಂದರೆ ಗೆರೆಯ ಚಿತ್ರವಾಗಿ ಬದಲಿಸದಿದ್ದರೆ), ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಕನ್ನಡ ಚಿಂದಿಯಾಗಿ ಕಾಣುತ್ತದೆ. ಎಲ್ಲವನ್ನೂ ಕರ್ವ್ ಮಾಡಿದರೆ ಮದುಮಕ್ಕಳ ಹೆಸರು ಬದಲಿಸೋಕಾಗಲ್ಲ! ಹಾಗಾಗಿ ಅಲಂಕಾರದ ಅಕ್ಷರ ಕರ್ವ್, ಹೆಸರಿನ ಜಾಗ ತಿದ್ದುವಂತೆ. ದೋಕಾನ್‌ನಲ್ಲಿ ಒಂದೇ ಸರಕಿಗೆ ಹಲವು ಫೈಲ್ ಜೋಡಿಸಬಹುದು. ಸಿಡಿಆರ್, ಪಿಡಿಎಫ್, ಪಿಎನ್‌ಜಿ ಮೂರನ್ನೂ ಒಟ್ಟಿಗೆ ಇಡುತ್ತೇವೆ.

ಈಗ ನಮ್ಮ ಮಾರುಕಟ್ಟೆ ನಡೆಯುತ್ತಿರುವುದು ದೋಕಾನ್ ಮೇಲೆ. ಹೊರದೇಶದ ಗಿರಾಕಿಗೆ ದೊಡ್ಡ ಸೆಟ್‌ಗಳ ಗಮ್‌ರೋಡ್ ಲಿಂಕ್ ಅದೇ ಪುಟದಲ್ಲಿದೆ. ಒಬ್ಬರೇ ಮಾರುವವರಾದರೆ ಇಷ್ಟೆಲ್ಲ ಬೇಡ. ಊರಲ್ಲಿ ಯುಪಿಐ, ಹೊರಗೆ ಗಮ್‌ರೋಡ್ ಸಾಕು. ನಾಲ್ಕೈದು ಜನ ಸೇರಿದಿರಿ ಅಂದರೆ, ಥೀಮ್ ಆರಿಸುವ ಮುಂಚೆ ಗೇಟ್‌ವೇಯವರಿಗೆ ಸ್ಪ್ಲಿಟ್ ಪೇಮೆಂಟ್ ಬೇಕು ಅಂತ ಅರ್ಜಿ ಹಾಕಿ. ಪ್ರತಿ ಕಲಾವಿದರ ಪ್ಯಾನ್, ಬ್ಯಾಂಕ್ ವಿವರ ಕೇಳುತ್ತಾರೆ. ಪ್ಯಾನ್‌ನಲ್ಲಿರುವ ಹೆಸರಿಗೂ ಪಾಸ್‌ಬುಕ್ಕಿನ ಹೆಸರಿಗೂ ಒಂದಕ್ಷರ ಹೆಚ್ಚುಕಡಿಮೆ ಇದ್ದರೂ ಅರ್ಜಿ ವಾಪಸ್ ಬರುತ್ತದೆ.