ಫಲಕವಿಲ್ಲದ ಟ್ಯೂಷನ್, ಔಡಲ ಎಣ್ಣೆಯ ಮೇಲೆ ರವೆ

ಕಲಬುರಗಿಯ ಸೇಡಂ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಈ ಭೌತಶಾಸ್ತ್ರದ ಟ್ಯೂಷನ್ನಿಗೆ ಹೆಸರೂ ಇಲ್ಲ, ಫಲಕವೂ ಇಲ್ಲ. ನಿವೃತ್ತ ಉಪನ್ಯಾಸಕರೊಬ್ಬರ ಮಾಳಿಗೆಯ ಮೇಲೆ ತಗಡಿನ ಶೆಡ್ಡು, ಚಾಪೆ, ಕರಿಹಲಗೆ. ದ್ವಿತೀಯ ಪಿಯುಸಿಯ ಮಗಳನ್ನು ಬೇಸಿಗೆಯಲ್ಲಿ ಎರಡು ತಿಂಗಳು ಕಳಿಸಿದೆ; 2,500 ರೂಪಾಯಿ. ನಾನು 22 ವರ್ಷ ಲೈನ್‌ಮನ್ ಆಗಿ ಕಂಬ ಹತ್ತಿದವನು. ಆದರೂ ‘ವಿದ್ಯುತ್ ಕ್ಷೇತ್ರ ಎಂದರೆ ಏನಪ್ಪಾ?’ ಎಂದು ಅವಳು ಕೇಳಿದಾಗ ಬಾಯಿ ಕಟ್ಟಿತ್ತು. ಅವಳನ್ನು ಕರೆತರಲು ಹೋದವನು ಹಿಂದಿನ ಸಾಲಿನಲ್ಲಿ ಕುಳಿತುಬಿಡುತ್ತಿದ್ದೆ, ಸರ್ ಬೇಡವೆನ್ನಲಿಲ್ಲ.

ಒಂದು ಜಾಗದಲ್ಲಿ ಇಟ್ಟು ನೋಡುವ ಚಿಕ್ಕ ವಿದ್ಯುದಾವೇಶದ (ಪರೀಕ್ಷಾ ಆವೇಶ) ಮೇಲೆ ಬೀಳುವ ಬಲವನ್ನು ಆ ಆವೇಶದಿಂದಲೇ ಭಾಗಿಸಿದರೆ ಅಲ್ಲಿನ ಕ್ಷೇತ್ರ. ಹಾಗಾದರೆ ಆ ಆವೇಶವನ್ನು ಎತ್ತಿಟ್ಟರೆ ಕ್ಷೇತ್ರವೂ ಹೋಯಿತೇ? ಇದು ಮಗಳ ಗೊಂದಲ. ‘ಮೇ ತಿಂಗಳ ಮಧ್ಯಾಹ್ನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ನೀನು ನಿಲ್ಲದಿದ್ದರೆ ಅಲ್ಲಿ ಬಿಸಿ ಇರುವುದಿಲ್ಲವೇನಮ್ಮ?’ ಎಂದರು ಸರ್. ಥರ್ಮಾಮೀಟರ್ ಬಿಸಿಯನ್ನು ಅಳೆಯುತ್ತದೆ, ಹುಟ್ಟಿಸುವುದಿಲ್ಲ. ಆಮೇಲೆ ಲೆಕ್ಕ ಹಾಕಿಸಿದರು. ಆವೇಶದ ಅಳತೆ ಕೂಲಂ, ಅದರ ಹತ್ತು ಲಕ್ಷದಲ್ಲೊಂದು ಪಾಲು ಮೈಕ್ರೋಕೂಲಂ. 2 ಮೈಕ್ರೋಕೂಲಂ ಆವೇಶದಿಂದ 30 ಸೆಂ.ಮೀ. ದೂರದಲ್ಲಿ 1 ಮೈಕ್ರೋಕೂಲಂ ಇಟ್ಟರೆ 0.2 ನ್ಯೂಟನ್ ಬಲ, 3 ಇಟ್ಟರೆ 0.6. ಭಾಗಿಸಿ ನೋಡಿದರೆ ಎರಡು ಸಲವೂ ಕೂಲಂ ಒಂದಕ್ಕೆ 2 ಲಕ್ಷ ನ್ಯೂಟನ್. ದೂರವನ್ನು 60 ಸೆಂ.ಮೀ. ಮಾಡಿದರೆ 50 ಸಾವಿರ. ಬಿಸಿಗೆ ದಿಕ್ಕಿಲ್ಲ, ಕ್ಷೇತ್ರಕ್ಕಿದೆ ಎಂದು ತಮ್ಮ ಹೋಲಿಕೆಯ ಮಿತಿಯನ್ನು ತಾವೇ ಹೇಳಿದರು. ಅದು ನನಗೆ ಹಿಡಿಸಿತು.

ಕೊಟ್ಟ ಹಣ ವಸೂಲಾದದ್ದು ಮಾತ್ರ ರವೆಯ ದಿನ. ಗಾಜಿನ ತಟ್ಟೆಯಲ್ಲಿ ಔಡಲ ಎಣ್ಣೆ, ಮೇಲೆ ಚಿಟಿಕೆ ರವೆ, ಎಣ್ಣೆಯಲ್ಲಿ ಅದ್ದಿದ ಎರಡು ತಂತಿ, ಪಕ್ಕದಲ್ಲಿ ಕೈಯಿಂದ ತಿರುಗಿಸಿ ಆವೇಶ ಹುಟ್ಟಿಸುವ ಹಳೆಯ ವಿಮ್ಸ್‌ಹರ್ಸ್ಟ್ ಯಂತ್ರ, ತಂತಿಗಳು ಅದಕ್ಕೆ ಜೋಡಣೆ. ಹಿಡಿಕೆ ತಿರುಗಿದಂತೆ ಕಾಳುಗಳು ಒಂದರ ಬೆನ್ನಿಗೊಂದು ಅಂಟಿ, ಈ ತುದಿಯಿಂದ ಆ ತುದಿಗೆ ಬಾಗಿ ಸಾಲುಗಟ್ಟಿದವು. ಮಕ್ಕಳು ಚಾಪೆ ಬಿಟ್ಟು ಎದ್ದು ಮುತ್ತಿಕೊಂಡರು.

ನನಗೊಂದು ತಕರಾರು ಹುಟ್ಟಿತು. ಸಾಲುಗಳ ನಡುವೆ ಬರೀ ಎಣ್ಣೆ. ಅಲ್ಲಿ ಕ್ಷೇತ್ರವೇ ಇಲ್ಲವೆಂದು ಮಕ್ಕಳು ತಿಳಿದರೆ? ಕೇಳಿಯೇಬಿಟ್ಟೆ. ಸರ್ ಕಡ್ಡಿಯಿಂದ ಎಣ್ಣೆ ಕಲಕಿ ಮತ್ತೆ ಹಿಡಿಕೆ ತಿರುಗಿಸಿದರು. ಬಾಗು ಅದೇ, ಆದರೆ ಮೊದಲು ಖಾಲಿಯಿದ್ದ ಜಾಗದಲ್ಲೂ ಈಗ ರವೆ. ಕ್ಷೇತ್ರ ಎಲ್ಲೆಲ್ಲೂ ಇದೆ, ಅದನ್ನು ತೋರಿಸಲು ಪುಸ್ತಕದಲ್ಲಿ ಎಳೆಯುವ ರೇಖೆಗಳು ನಮ್ಮ ಅನುಕೂಲಕ್ಕೆ. ನಾನು ಕೇಳದಿದ್ದರೆ ಇದನ್ನು ಹೇಳುತ್ತಿದ್ದರೋ ಇಲ್ಲವೋ.

ಹೈಟೆನ್ಷನ್ ತಂತಿಯ ಕೆಳಗೆ ರಾತ್ರಿ ಹೊತ್ತು, ಯಾವುದಕ್ಕೂ ಜೋಡಿಸದ ಟ್ಯೂಬ್‌ಲೈಟ್ ಮಂಕಾಗಿ ಬೆಳಗುವುದನ್ನು ನಾನು ಕಂಡಿದ್ದೇನೆ. (ಯಾರೂ ಪ್ರಯತ್ನಿಸಬೇಡಿ.) ತಂತಿಯ ಸುತ್ತಲಿನ ಕ್ಷೇತ್ರವೇ ಅದಕ್ಕೆ ಕಾರಣ ಎಂದು ಹೊಳೆದದ್ದು ಆ ಮಾಳಿಗೆಯ ಮೇಲೆ, ಐವತ್ತು ದಾಟಿದ ಮೇಲೆ.

ಕೊರತೆಯೂ ಇದೆ. ಆವೇಶಕ್ಕೂ ಅದರ ಸುತ್ತಲಿನ ಕ್ಷೇತ್ರಕ್ಕೂ ಇರುವ ನಂಟನ್ನು ಹೇಳುವ ಗೌಸ್ ನಿಯಮವನ್ನು ಒಂದೇ ಸಂಜೆಯಲ್ಲಿ ಓಡಿಸಿದರು. ಮಗಳಿಗೆ ಅದು ಇಂದಿಗೂ ಬಾಯಿಪಾಠವೇ. ಇನ್ನು ಮಳೆಗಾಲದ ತೇವದಲ್ಲಿ ಆವೇಶ ಸೋರಿಹೋಗಿ ಯಂತ್ರ ಕೈಕೊಡುತ್ತದೆಯಂತೆ. ಆದ್ದರಿಂದ ರವೆ ನೋಡಬೇಕೆಂದರೆ ಬೇಸಿಗೆಯಲ್ಲೇ ಸೇರಿಸಿ. ತಗಡಿನ ಕೆಳಗೆ ಇರುವುದು ಒಂದೇ ಫ್ಯಾನು, ಅದನ್ನೂ ರವೆ ಹಾರೀತೆಂದು ಪ್ರಯೋಗದ ಹೊತ್ತಿಗೆ ಆರಿಸುತ್ತಾರೆ. ನೀರಿನ ಬಾಟಲಿ ಕೊಟ್ಟು ಕಳಿಸಿ.