ಜೈಸಲ್ಮೇರಿನ ಜೋಡಿಗಳು: ಎರಡರಲ್ಲಿ ಒಂದೇ ಸಾಕು

ಜೈಸಲ್ಮೇರಿನಲ್ಲಿ ನೋಡಬೇಕಾದ ಜಾಗಗಳು ಜೋಡಿ ಜೋಡಿಯಾಗಿಯೇ ಎದುರಾಗುತ್ತವೆ. ಮರಳುದಿಬ್ಬವೆಂದರೆ ಸಮ್ ಅಥವಾ ಖುರಿ, ಹವೇಲಿ (ಹಳೆಯ ಕಾಲದ ಸಿರಿವಂತರ ಕೆತ್ತನೆಯ ಮನೆ) ಎಂದರೆ ಪಟವಾ ಅಥವಾ ನಥಮಲ್, ಸಂಜೆ ಕಳೆಯಲು ಗಡಿಸರ್ ಕೆರೆ ಅಥವಾ ಬಡಾ ಬಾಗ್, ಒಂದು ಹಗಲಿನ ಪ್ರವಾಸಕ್ಕೆ ತನೋಟ್–ಲೋಂಗೇವಾಲಾ ಅಥವಾ ಕುಲಧರಾ–ಲೋದ್ರವಾ. ಟ್ಯಾಕ್ಸಿಯವರೂ ಹೋಟೆಲಿನವರೂ ಎಲ್ಲವನ್ನೂ ಒಂದೇ ಪ್ಯಾಕೇಜಿನಲ್ಲಿ ಸೇರಿಸಿ ಹೇಳುತ್ತಾರೆ. ಜನವರಿಯಲ್ಲಿ ವಿಜಯಪುರದಿಂದ ಹೊರಟ ನಾವು, ಅಂದರೆ ನಾನು, ನನ್ನ ಹೆಂಡತಿ, ಹೈಸ್ಕೂಲಿನಲ್ಲಿ ಓದುವ ಮಗಳು ಮತ್ತು ಎಪ್ಪತ್ತು ದಾಟಿದ ನಮ್ಮ ಮಾವನವರು, ಐದು ದಿನಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ನೋಡಿದೆವು. ಪ್ರತಿ ಜೋಡಿಯಲ್ಲೂ ಒಂದನ್ನು ಬಿಟ್ಟು ಇನ್ನೊಂದಕ್ಕೆ ಎರಡು ಪಟ್ಟು ಹೊತ್ತು ಕೊಟ್ಟಿದ್ದರೆ ಚೆನ್ನಾಗಿತ್ತು ಎಂಬುದು ಈಗ ನನ್ನ ಅಭಿಪ್ರಾಯ.

ಎಲ್ಲರೂ ಮೊದಲು ಕೇಳುವುದು ಮರಳಿನ ವಿಷಯವನ್ನೇ. ಸಮ್ ಊರಿನಿಂದ ಪಶ್ಚಿಮಕ್ಕೆ, ಖುರಿ ನೈಋತ್ಯಕ್ಕೆ; ಎರಡೂ 40 ಕಿಲೋಮೀಟರಿನ ಆಚೆ ಈಚೆ. ದಿಬ್ಬಗಳನ್ನಷ್ಟೇ ಅಳೆದು ನೋಡಿದರೆ ಸಮ್ ಗೆಲ್ಲುತ್ತದೆ ಎಂಬುದನ್ನು ಒಪ್ಪಲೇಬೇಕು. ಅಲ್ಲಿನ ದಿಬ್ಬಗಳು ಎತ್ತರವಾಗಿವೆ, ಬೋಳಾಗಿವೆ, ಚಿತ್ರಗಳಲ್ಲಿ ನೋಡಿದ ಮರುಭೂಮಿಯಂತೆಯೇ ಇವೆ. ಆದರೆ ನಾವು ತಲುಪಿದ ಸಂಜೆ ನಾಲ್ಕೂವರೆಯ ಹೊತ್ತಿಗೆ ದಿಬ್ಬದ ನೆತ್ತಿಯ ಮೇಲೆ ನಿಲ್ಲಲು ಜಾಗವಿರಲಿಲ್ಲ. ಒಂದು ಕಡೆ ಒಂಟೆಗಳ ಸಾಲು, ಇನ್ನೊಂದು ಕಡೆ ಜನರನ್ನು ತುಂಬಿಕೊಂಡು ದಿಬ್ಬ ಹತ್ತಿಳಿಯುವ ಜೀಪುಗಳು, ನಡುವೆ ಚಹಾ ಮತ್ತು ಮ್ಯಾಗಿ ಮಾರುವವರು. ರಾತ್ರಿ ತಂಗಿದ್ದ ಡೇರೆಯ ಬಿಡಾರದಲ್ಲಿ ಸ್ಥಳೀಯ ಗಾಯಕರಿಗೆ ಎರಡು ಹಾಡಿನ ಅವಕಾಶ ಸಿಕ್ಕಿತು, ಆಮೇಲೆ ಸಿನಿಮಾ ಹಾಡುಗಳು ಶುರುವಾದವು. ಅಕ್ಕಪಕ್ಕದ ಬಿಡಾರಗಳಲ್ಲೂ ಅದೇ ನಡೆದಿದ್ದರಿಂದ ಮೂರು ಬೇರೆ ಬೇರೆ ಹಾಡುಗಳು ಒಟ್ಟಿಗೆ ಕಿವಿಗೆ ಬೀಳುತ್ತಿದ್ದವು.

ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ ಸಂಗತಿ. ಸಮ್ ಇರುವುದು 3,162 ಚದರ ಕಿಲೋಮೀಟರಿನ ಮರುಭೂಮಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ. ರಾಜಸ್ಥಾನದವರು ಗೋಡಾವಣ ಎನ್ನುವ, ನಮ್ಮ ಕಡೆಯ ಎರೆಹೊಲಗಳ ರೈತರು ಎರೆಭೂತ ಎಂದು ಕರೆಯುತ್ತಿದ್ದ ಹಕ್ಕಿಯ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕೊನೆಯ ದೊಡ್ಡ ನೆಲೆ ಇದೇ ಜಿಲ್ಲೆ. ಈ ಹಕ್ಕಿಗೆ ಬೇಕಾದದ್ದು ಬಯಲು ಹುಲ್ಲುಗಾವಲು ಮತ್ತು ನಿಶ್ಶಬ್ದ. ಎದುರಿಗೆ ಅಡ್ಡ ಬಂದ ವಿದ್ಯುತ್ ತಂತಿ ಅದರ ಕಣ್ಣಿಗೆ ಸಕಾಲದಲ್ಲಿ ಬೀಳುವುದಿಲ್ಲವಾದ್ದರಿಂದ ಬಡಿದು ಸಾಯುವುದೇ ಅದರ ದೊಡ್ಡ ಸಂಕಟ. ಕರ್ನಾಟಕದಲ್ಲಿ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಉಳಿದಿರುವ ಅದೇ ಹಕ್ಕಿಯನ್ನು ಉಳಿಸಲು ಸಮ್‌ನಲ್ಲಿ ಸಂತಾನಾಭಿವೃದ್ಧಿ ಕೇಂದ್ರವೊಂದನ್ನು ನಡೆಸುತ್ತಿರುವಾಗ, ಅದೇ ಸೀಮೆಯಲ್ಲಿ ರಾತ್ರಿಯಿಡೀ ಧ್ವನಿವರ್ಧಕ ಮೊಳಗುವುದು ನನಗೆ ಸರಿಯೆನಿಸಲಿಲ್ಲ.

ಖುರಿಯ ದಿಬ್ಬಗಳು ಚಿಕ್ಕವು; ಅಲ್ಲಲ್ಲಿ ಎಕ್ಕದ ಗಿಡ, ಮುಳ್ಳುಪೊದೆಗಳಿವೆ. ಆದರೆ ಅದು ಮೊದಲು ಒಂದು ಹಳ್ಳಿ, ಆಮೇಲೆ ಪ್ರವಾಸಿ ತಾಣ. ಮಣ್ಣಿನ ಗೋಡೆ, ಹುಲ್ಲಿನ ಚಾವಣಿಯ ದುಂಡು ಗುಡಿಸಿಲಿನಲ್ಲಿ ತಂಗಿದ್ದೆವು. ಮನೆಯವರು ಸಜ್ಜೆ ರೊಟ್ಟಿ, ಮರುಭೂಮಿಯ ಕಾಯಿಗಳಾದ ಕೇರ್–ಸಾಂಗರಿಯ ಪಲ್ಯ ಬಡಿಸಿದರು. ರೊಟ್ಟಿಯ ಮೇಲೆ ತುಪ್ಪ ಸುರಿಯುವುದೊಂದನ್ನು ಬಿಟ್ಟರೆ ನಮ್ಮ ಊರಿನದೇ ಊಟವೆಂದು ಮಾವನವರು ಸಮಾಧಾನಪಟ್ಟುಕೊಂಡರು. ಊಟವಾದ ಮೇಲೆ ಹಾಡುವುದನ್ನೇ ಕುಲವೃತ್ತಿಯಾಗಿಸಿಕೊಂಡ ಮಾಂಗಣಿಯಾರ್ ಸಮುದಾಯದ ಹಿರಿಯರೊಬ್ಬರು ಮುಕ್ಕಾಲು ಗಂಟೆ ಕಮಾಯಚಾ ನುಡಿಸಿ ಹಾಡಿದರು. ಚರ್ಮ ಬಿಗಿದ ಮರದ ಬುರುಡೆಯ ಮೇಲಿನ ತಂತಿಗಳಿಗೆ ಕಮಾನು ಎಳೆಯುವ ಈ ವಾದ್ಯದ ಗಡಸು ನಾದ ಬೆಂಕಿಯ ಪಕ್ಕದಲ್ಲಿ ಕುಳಿತು ಕೇಳುವಂಥದ್ದು. ಮೈಕಿನಲ್ಲಿ ಅದು ಕೆಟ್ಟುಹೋಗುತ್ತದೆ ಎಂಬುದು ಹಿಂದಿನ ರಾತ್ರಿಯ ಎರಡು ಹಾಡುಗಳಿಂದಲೇ ಗೊತ್ತಾಗಿತ್ತು.

ಖುರಿಯ ಕೊರತೆಗಳನ್ನೂ ಹೇಳಬೇಕು. ಬಿಸಿನೀರು ಬಕೆಟ್ಟಿನಲ್ಲಿ ಬರುತ್ತದೆ, ಅದೂ ಕೇಳಿದಾಗ ಮಾತ್ರ. ಜನವರಿಯ ಚಳಿಗೆ ಕೊಟ್ಟ ಎರಡು ರಜಾಯಿಗಳು ಸಾಲಲಿಲ್ಲ. ಶೌಚಾಲಯ ಗುಡಿಸಿಲಿನಿಂದ ದೂರವಿದ್ದು, ರಾತ್ರಿ ಟಾರ್ಚ್ ಹಿಡಿದು ಹೋಗಬೇಕಾದದ್ದರಿಂದ ಮಾವನವರಿಗೆ ತೊಂದರೆಯಾಯಿತು. ನಡೆಯಲು ಕಷ್ಟಪಡುವ ಹಿರಿಯರೊಂದಿಗೆ ಹೋಗುವವರು ಸಮ್ ಆರಿಸಿಕೊಂಡರೆ ತಪ್ಪಿಲ್ಲ, ಉಳಿದವರಿಗೆಲ್ಲ ಖುರಿ. ಒಂಟೆ ಸವಾರಿ ಎರಡೂ ಕಡೆ ಒಂದೇ: ಒಂಟೆ ಮೊದಲು ಹಿಂಗಾಲುಗಳನ್ನು ಎತ್ತುವುದರಿಂದ ಕುಳಿತವರು ಮುಂದಕ್ಕೆ ಮುಗ್ಗರಿಸುತ್ತಾರೆ, ಹಿಂದಕ್ಕೆ ವಾಲಿ ಹಿಡಿದುಕೊಂಡರೆ ಸಾಕು.

ಊರೊಳಗಿನ ಜೋಡಿಯಲ್ಲಿ ನನ್ನ ಮತ ಪಟವಾ ಹವೇಲಿಗಿಲ್ಲ. ಗುಮಾನ್ ಚಂದ್ ಪಟವಾ ಎಂಬ ವರ್ತಕ 1805ರಲ್ಲಿ ಆರಂಭಿಸಿದ ಈ ಐದು ಮನೆಗಳ ಸಮೂಹ ದೊಡ್ಡದು, ಪ್ರಸಿದ್ಧವಾದದ್ದು. ಹೊರಗೆ ಚಾಚಿದ ಜರೋಖಾ ಕಿಟಕಿಗಳ ಕೆತ್ತನೆಯನ್ನು ಬೀದಿಯಲ್ಲಿ ನಿಂತು ನೋಡುವುದೇ ಕಣ್ಣಿಗೆ ಹಬ್ಬ. ಒಳಗೆ ಮಾತ್ರ ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಹಿಂದಿನವರ ತಳ್ಳಾಟಕ್ಕೆ ಸಿಕ್ಕಿ ಸಾಗಬೇಕು. ನಥಮಲ್ ಹವೇಲಿ ಅದಕ್ಕಿಂತ ಬಹಳ ಚಿಕ್ಕದು, 1885ರದು. ಹಾಥಿ ಮತ್ತು ಲಾಲೂ ಎಂಬ ಶಿಲ್ಪಿ ಸಹೋದರರು ಎಡ ಬಲ ಭಾಗಗಳನ್ನು ಹಂಚಿಕೊಂಡು ಕೆತ್ತಿದರೆಂದು ಹೇಳುತ್ತಾರೆ. ದೂರದಿಂದ ಎರಡೂ ಭಾಗ ಸಮನಾಗಿ ಕಾಣುತ್ತವೆ. ಹತ್ತಿರ ನಿಂತು ಹೋಲಿಸಿದಾಗ ಯಾವೊಂದು ಕೆತ್ತನೆಯೂ ಆಚೆಯದಕ್ಕೆ ಪೂರ್ತಿ ಹೊಂದುವುದಿಲ್ಲ. ಮಗಳು ಅರ್ಧ ಗಂಟೆ ಈ ವ್ಯತ್ಯಾಸಗಳನ್ನು ಎಣಿಸುತ್ತ ನಿಂತಿದ್ದಳು. ಪಟವಾ ಹವೇಲಿಯಲ್ಲಿ ಅವಳು ಎರಡು ಸಲ ಗಡಿಯಾರ ನೋಡಿದ್ದಳು.

ಕೋಟೆಗೆ ಸಾಟಿಯಿಲ್ಲ, ಹಾಗಾಗಿ ಅದನ್ನು ಯಾವ ಜೋಡಿಗೂ ಸೇರಿಸಿಲ್ಲ. ರಾವಲ್ ಜೈಸಲ್ 1156ರಲ್ಲಿ ತ್ರಿಕೂಟ ಬೆಟ್ಟದ ಮೇಲೆ ಕಟ್ಟಿಸಿದ, 99 ಬುರುಜುಗಳ, ಇಂದಿಗೂ ಜನವಸತಿಯಿರುವ ಈ ಕೋಟೆಯ ಒಳಗೆ ತಂಗಬೇಕೋ ಹೊರಗೋ ಎಂಬುದಷ್ಟೇ ಪ್ರಶ್ನೆ. ಕೊಳಾಯಿ ನೀರಿಲ್ಲದ ಕಾಲಕ್ಕೆ ಕಟ್ಟಿದ ಕೋಟೆಯೊಳಗೆ ಈಗ ಸ್ನಾನದ ಮನೆ, ಶೌಚಾಲಯಗಳ ನೀರು ಅಡಿಪಾಯದ ಮಣ್ಣಿಗೆ ಇಳಿದು ಗೋಡೆಗಳನ್ನು ಸಡಿಲಿಸುತ್ತಿದೆ. ಆದ್ದರಿಂದ ನಾವು ಹೊರಗೆ ಉಳಿದು, ಬೆಳಗ್ಗೆ ಒಳಗೆ ಹೋಗಿ ಬಂದೆವು. ಒಳಗಿನ ಜೈನ ಮಂದಿರಗಳ ನೆಲಮಾಳಿಗೆಯಲ್ಲಿ ತಾಳೆಗರಿ ಗ್ರಂಥಗಳ ಭಂಡಾರವಿದೆಯೆಂದು ಕೇಳಿದಾಗ ಮೂಡುಬಿದಿರೆಯ ಜೈನ ಬಸದಿಯ ಧವಲಾ ತಾಳೆಗರಿ ಗ್ರಂಥಗಳು ನೆನಪಾದವು. ಇಲ್ಲಿ ಶ್ವೇತಾಂಬರ, ಅಲ್ಲಿ ದಿಗಂಬರ, ಪಂಥ ಬೇರೆಯಾದರೂ ಗ್ರಂಥ ಕಾಯ್ದ ಶ್ರದ್ಧೆ ಒಂದೇ.

ಗಡಿಸರ್ ಮತ್ತು ಬಡಾ ಬಾಗ್‌ಗಳ ನಡುವಿನ ಆಯ್ಕೆ ಸುಲಭ. ಬಡಾ ಬಾಗ್‌ನ ರಾಜಮನೆತನದ ಛತ್ರಿಗಳ (ಸ್ಮಾರಕ ಮಂಟಪಗಳ) ಹಿಂದೆ ಗಾಳಿಯಂತ್ರಗಳು ತಿರುಗುವುದನ್ನು ಹತ್ತು ನಿಮಿಷ ನೋಡಬಹುದು, ಆಮೇಲೆ ಮಾಡಲು ಏನೂ ಇಲ್ಲ. ಊರಿಗೆ ಶತಮಾನಗಳ ಕಾಲ ನೀರುಣಿಸಿದ ಗಡಿಸರ್ ಕೆರೆಗೆ ಮಾತ್ರ ನಾವು ಮೂರು ಸಲ ಹೋದೆವು. ಬೇಗಂ ತಲಾಬ್ ಕೆರೆಯಿರುವ ವಿಜಯಪುರದವರಾದ ನಮಗೆ ಇಂಥ ಕೆರೆಯ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಏಳೂವರೆಗೆ. ಆರೂವರೆಗೆ ಎದ್ದರೂ ಬೆಳಕು ಹರಿಯುವ ಮೊದಲೇ ಮೆಟ್ಟಿಲ ಮೇಲೆ ಕೂರಬಹುದು. ಸಂಜೆ ದೋಣಿಗಳ ಗದ್ದಲವಿರುತ್ತದೆ.

ಕೊನೆಯ ಜೋಡಿಯಲ್ಲಿ ನಮ್ಮೊಳಗೇ ಒಮ್ಮತವಿಲ್ಲ. ತನೋಟ್ ಮತ್ತು ಲೋಂಗೇವಾಲಾ ಸುತ್ತಿ ಬರಲು 250 ಕಿಲೋಮೀಟರಿಗೂ ಹೆಚ್ಚು ಓಡಾಟ, ಪೂರ್ತಿ ಒಂದು ದಿನ. 1965ರ ಯುದ್ಧದಲ್ಲಿ ಬಿದ್ದೂ ಸಿಡಿಯದ ಬಾಂಬುಗಳನ್ನು ಗಡಿ ಭದ್ರತಾ ಪಡೆಯವರು ತನೋಟ್ ಮಾತೆಯ ಗುಡಿಯಲ್ಲಿ ಇಟ್ಟಿದ್ದಾರೆ. 1971ರ ಡಿಸೆಂಬರಿನಲ್ಲಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಒಂದು ಕಂಪನಿ ಸೈನಿಕರು ರಾತ್ರಿಯಿಡೀ ಪಾಕಿಸ್ತಾನದ ಟ್ಯಾಂಕುಗಳನ್ನು ತಡೆದು, ಬೆಳಕಾದ ಮೇಲೆ ವಾಯುಪಡೆಯ ಹಂಟರ್ ವಿಮಾನಗಳು ಬಂದದ್ದು ಲೋಂಗೇವಾಲಾದಲ್ಲಿ. ಹೆಂಡತಿ ಮತ್ತು ಮಗಳಿಗೆ ಇಡೀ ಪ್ರವಾಸದಲ್ಲಿ ಇದೇ ಹೆಚ್ಚು ಹಿಡಿಸಿತು. ನನಗೆ ಉಳಿದದ್ದು ಕಾರಿನ ಕಿಟಕಿಯ ನೆನಪು.

ನಾನೂ ಮಾವನವರೂ ಮೆಚ್ಚಿದ್ದು ಪಾಳುಬಿದ್ದ ಹಳ್ಳಿ ಕುಲಧರಾ. ಪಾಲಿವಾಲ ಬ್ರಾಹ್ಮಣರು ದಿವಾನ ಸಾಲಿಮ್ ಸಿಂಗನ ಕಾಟಕ್ಕೆ ಒಂದೇ ರಾತ್ರಿಯಲ್ಲಿ ಊರು ಬಿಟ್ಟರೆಂಬ ಕಥೆಯನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ದೆವ್ವದ ಕಥೆಯನ್ನು ಅದಕ್ಕಿಂತ ಹೆಚ್ಚು ಉತ್ಸಾಹದಿಂದ ಹೇಳುತ್ತಾರೆ. ಯಾರೂ ಹೇಳದೆ ಬಿಡುವುದು ಅವರ ಬೇಸಾಯವನ್ನು. ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಬಾರದ ಸೀಮೆಯಲ್ಲಿ ಅವರು ಇಳಿಜಾರಿನ ಕೆಳಗೆ ಉದ್ದನೆಯ ಮಣ್ಣಿನ ಒಡ್ಡು ಹಾಕಿ, ಕಲ್ಲುನೆಲದಿಂದ ಹರಿದುಬಂದ ನೀರನ್ನು ತಡೆದು ನಿಲ್ಲಿಸಿ, ಅದು ಇಂಗಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬೆಳೆಯುತ್ತಿದ್ದರು. ಖಡೀನ್ ಎಂದು ಅದರ ಹೆಸರು. ಹಿಂಗಾರಿಯಲ್ಲಿ ಎರೆಯ ಹಸಿಯನ್ನೇ ನಂಬಿ ಬಿಳಿಜೋಳ ಬಿತ್ತಿದ ಮಾವನವರು ದಾರಿಯಲ್ಲಿ ಅಂಥದೊಂದು ಹೊಲ ಕಂಡೊಡನೆ ಕಾರು ನಿಲ್ಲಿಸಿ ಒಡ್ಡಿನ ಮೇಲೆ ನಡೆದು, ಮಣ್ಣು ಹಿಡಿಯಲ್ಲಿ ಹಿಚುಕಿ ನೋಡಿ, ಗೋಧಿಗೆ ಇನ್ನೊಂದು ತಿಂಗಳ ಹಸಿ ಇದೆ ಎಂದರು. ಅಲ್ಲಿಂದ ಹಳೆಯ ರಾಜಧಾನಿ ಲೋದ್ರವಾದ ಪಾರ್ಶ್ವನಾಥ ಮಂದಿರದ ತೋರಣವನ್ನು ನೋಡಿಕೊಂಡು ಮಧ್ಯಾಹ್ನದ ಊಟಕ್ಕೆ ಊರಿಗೆ ಮರಳಿದೆವು.