ಹಿತ್ತಲಲ್ಲಿ ಚಳಿ ಕಾಯಿಸಲು ನೆಲದ ಕುಣಿಯೋ, ಅರ್ಧ ಡ್ರಮ್ಮೋ, ಹೊಗೆ ಕಡಿಮೆಯ ಡಬ್ಬಿಯೋ?

ನಮ್ಮ ಮನೆ ಧಾರವಾಡದಿಂದ ನವಲಗುಂದದ ಕಡೆ ಹೋಗುವ ದಿಕ್ಕಿನಲ್ಲಿದೆ, ಅಂದರೆ ಎರೆ ಭೂಮಿ, ಕಪ್ಪು ಮಣ್ಣು. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಯಾವ ಬೆಂಕಿ ನಮಗೆ ಸರಿ ಅನ್ನುವುದನ್ನು ಅರ್ಧಕ್ಕಿಂತ ಜಾಸ್ತಿ ಈ ಮಣ್ಣೇ ತೀರ್ಮಾನಿಸಿತು. ಮೂರು ಚಳಿಗಾಲ, ಮೂರು ಥರದ ಬೆಂಕಿ ಮಾಡಿ ನೋಡಿದೆ.

ಮೊದಲು ಕುಣಿ. ಮೂರು ಅಡಿ ಅಗಲ, ಒಂದು ಅಡಿ ಆಳ ತೋಡಿ ಸುತ್ತ ಕಲ್ಲು ಜೋಡಿಸಿದೆ. ಹಳ್ಳದಿಂದ ತಂದ ಕಲ್ಲು. ಎರಡನೇ ದಿನವೇ ಒಂದು ಕಲ್ಲು ಪಟ್ ಅಂತ ಸಿಡಿದು ಚೂರು ಅಂಗಳಕ್ಕೆ ಹಾರಿತು. ನೀರಲ್ಲಿದ್ದ ಕಲ್ಲಿನ ಒಳಗೆ ತೇವ ಇರುತ್ತದೆ, ಕಾದಾಗ ಅದು ಉಗಿಯಾಗಿ ಒಡೆಯುತ್ತದೆ. ಮಕ್ಕಳು ಕೂರುವ ಜಾಗದಲ್ಲಿ ಅದು ಬೇಡವೇ ಬೇಡ. ಆಮೇಲೆ ಸುಟ್ಟ ಇಟ್ಟಿಗೆ ಹಾಕಿದೆ, ಕಲ್ಲು ಸಿಡಿಯುವ ಭಯ ಹೋಯಿತು. ಆದರೆ ಕುಣಿಯೊಳಗೆ ಗಾಳಿ ಇಳಿಯುವುದಿಲ್ಲ, ಬೆಂಕಿ ಮುಸುಕುತ್ತಲೇ ಇರುತ್ತದೆ, ಹೊಗೆ ಕಣ್ಣಿಗೆ. ತಳದಲ್ಲಿ ಎರಡು ಇಟ್ಟಿಗೆ ಇಟ್ಟು ಮೇಲೆ ಕಬ್ಬಿಣದ ಜಾಳಿಗೆ ಹಾಕಿ, ಮೂಡಗಾಳಿ ಬರುವ ಕಡೆಯಿಂದ ಒಂದು ಕಬ್ಬಿಣದ ಪೈಪನ್ನು ಓರೆಯಾಗಿ ತಳದವರೆಗೆ ಇಳಿಸಿದ ಮೇಲೆ ಉರಿ ಬೇರೆಯೇ ಆಯಿತು. ಅಷ್ಟರಲ್ಲಿ ಮಳೆಗಾಲ ಬಂತು. ಎರೆ ಮಣ್ಣು ಉಬ್ಬಿ ಇಟ್ಟಿಗೆಯನ್ನು ಒಳಗೆ ತಳ್ಳಿತು, ಕುಣಿ ಕೆರೆಯಾಯಿತು. ಕಲಘಟಗಿ ಕಡೆಯ ಕೆಂಪು ಮಣ್ಣಿನವರಿಗೆ ಇಷ್ಟು ಕಾಟ ಇರಲಾರದು.

ಮುಂದಿನ ವರ್ಷ ಅರ್ಧ ಡ್ರಮ್ಮು. 200 ಲೀಟರ್ ಡ್ರಮ್ಮನ್ನು ಗುಜರಿಯಲ್ಲಿ ತಂದು ವೆಲ್ಡಿಂಗ್ ಅಂಗಡಿಯಲ್ಲಿ ಕೊಯ್ಯಿಸಿ, ಮೂರು ಕಾಲು ಹಚ್ಚಿಸಿ, ತಳದ ಸುತ್ತ ತೂತು ಹೊಡೆಸಿದೆ. ಅದರಲ್ಲಿ ಮೊದಲು ಏನಿತ್ತು ಅಂತ ಕೇಳದೆ ತರಬೇಡಿ. ನಮ್ಮದು ಅಡುಗೆ ಎಣ್ಣೆಯದು. ಪೆಟ್ರೋಲ್, ಥಿನ್ನರ್ ಇದ್ದ ಡ್ರಮ್ಮು ಕೊಯ್ಯುವಾಗಲೇ ಸಿಡಿಯಬಹುದು. ಸತುವಿನ ಲೇಪ ಇರುವ ತಗಡಿನ ಟಬ್ಬೂ ಬೇಡ, ಕಾದರೆ ಅದರ ಹೊಗೆ ಕೆಟ್ಟದ್ದು. ಮೊದಲ ಬೆಂಕಿಯನ್ನು ಯಾರೂ ಹತ್ತಿರ ಕೂರದೆ ಜೋರಾಗಿ ಉರಿಸಿ ಬಣ್ಣ ಸುಟ್ಟು ಕಳೆದೆ. ಇದರ ದೊಡ್ಡ ಗುಣ ಅಂದರೆ ಪಕ್ಕವೇ ಕಾಯುತ್ತದೆ, ಹಾಗಾಗಿ ಕಾಲು, ಮೊಣಕಾಲು ಬೆಚ್ಚಗಾಗುತ್ತವೆ.

ಮೂರನೆಯದು ಆನ್‌ಲೈನ್‌ನಲ್ಲಿ ತರಿಸಿದ ಎರಡು ಗೋಡೆಯ ಸ್ಟೀಲ್ ಡಬ್ಬಿ. ತಳದಿಂದ ಹೊಕ್ಕ ಗಾಳಿ ಎರಡು ಗೋಡೆಗಳ ನಡುವೆ ಕಾದು ಮೇಲೇರಿ, ಒಳಗೋಡೆಯ ಅಂಚಿನ ತೂತುಗಳಿಂದ ಹೊರಬಂದು ಹೊಗೆಯನ್ನೇ ಸುಡುತ್ತದೆ. ನಿಜವಾಗಿಯೂ ಸುಡುತ್ತದೆ, ನೋಡಲು ಚಂದ. ಒಣ ಕಟ್ಟಿಗೆ ಬೇಕು, ಮೇಲಿನ ತೂತು ಮುಚ್ಚುವಷ್ಟು ತುಂಬಬಾರದು, ಅಷ್ಟೇ. ಆದರೆ ಬಿಸಿಯೆಲ್ಲ ನೇರ ಆಕಾಶಕ್ಕೆ. ಅವ್ವ ಅರ್ಧ ತಾಸು ಕೂತು, "ಮ್ಯಾಲಷ್ಟ ಉರೀತೈತಿ, ನನ್ನ ಕಾಲ ತಣ್ಣಗ ಅದಾವಲ್ಲೋ" ಅಂದಳು. ಕಟ್ಟಿಗೆಯನ್ನೂ ಬೇಗ ತಿನ್ನುತ್ತದೆ. ಹೊಗೆ ಅಂದರೆ ಅಕ್ಕಪಕ್ಕದವರು ಬೇಜಾರಾಗುವ ಹುಬ್ಬಳ್ಳಿಯ ಸಣ್ಣ ಪ್ಲಾಟಿನ ಮನೆಗೆ ಇದು ಒಳ್ಳೆಯದು. ನಮಗಲ್ಲ.

ಈಗ ದಿನದ ಬೆಂಕಿಗೆ ಡ್ರಮ್ಮೇ. ಸೀತನಿ, ಅಂದರೆ ಹಸಿ ಜೋಳದ ತೆನೆ, ಸುಡುವ ದಿನ ಮಾತ್ರ ಕುಣಿಯನ್ನು ಹಸನು ಮಾಡುತ್ತೇವೆ. ಕುಳ್ಳಿನ (ಬೆರಣಿಯ) ಕೆಂಡ ಮಣ್ಣಿನಲ್ಲಿ ನಿಂತಷ್ಟು ಹೊತ್ತು ಹದವಾಗಿ ಬೇರೆಲ್ಲೂ ನಿಲ್ಲುವುದಿಲ್ಲ, ಹಸಿ ಜೋಳದ ತೆನೆಗೆ ಉರಿ ಅಲ್ಲ, ಆ ಕೆಂಡವೇ ಬೇಕು. ಬಿಸಿ ಸೀತನಿ, ಶೇಂಗಾ ಹಿಂಡಿ (ಚಟ್ನಿ ಪುಡಿ), ಮೊಸರು, ಅದಕ್ಕಾಗಿ ವರ್ಷಕ್ಕೊಮ್ಮೆ ಇಟ್ಟಿಗೆ ಸರಿ ಮಾಡುವುದು ನನಗೆ ಕಷ್ಟವೇ ಅಲ್ಲ.

ಕಟ್ಟಿಗೆ ನಮ್ಮಲ್ಲಿ ಹೊತ್ತಿಸಲು ತೊಗರಿ ಕಟ್ಟಿಗೆ, ಆಮೇಲೆ ಜಾಲಿ. ಎರಡು ತುಂಡು ಬಡಿದಾಗ ಟಣ್ ಅಂದರೆ ಒಣಗಿದೆ, ದಪ್ ಅಂದರೆ ಇನ್ನೂ ಹಸಿ. ಬಣ್ಣದ ಪ್ಲೈವುಡ್, ಪ್ಲಾಸ್ಟಿಕ್ ಹಾಕಲೇಬಾರದು. ಬಣವಿ (ಒಣ ಮೇವಿನ ಮೆದೆ) ಹತ್ತಿರ ಇದ್ದರೆ ಬೆಂಕಿಯನ್ನೇ ಮಾಡಬೇಡಿ, ಎಲ್ಲೇ ಮಾಡಿದರೂ ಒಂದು ಕೊಡ ನೀರು ಪಕ್ಕದಲ್ಲಿರಲಿ.

ಡ್ರಮ್ಮನ್ನು ಕೊಲ್ಲುವುದು ಬೆಂಕಿಯಲ್ಲ, ಬೂದಿ. ಬೂದಿಗೆ ನೀರು ಬಿದ್ದರೆ ತಳ ತುಕ್ಕು ಹಿಡಿದು ತೂತಾಗುತ್ತದೆ. ಮರುದಿನವೂ ಒಳಗೆ ಕೆಂಡ ಇರಬಹುದು, ಅದಕ್ಕೇ ಕಬ್ಬಿಣದ ಬುಟ್ಟಿಯಲ್ಲೇ ತೆಗೆದು, ಡ್ರಮ್ಮನ್ನು ಬೋರಲು ಹಾಕಿ ಇಡುತ್ತೇನೆ. ಎರೆ ಹೊಲಕ್ಕೆ ಆ ಬೂದಿಯನ್ನು ಸುರಿಯುವುದಿಲ್ಲ, ನಮ್ಮ ಮಣ್ಣು ಮೊದಲೇ ಕ್ಷಾರ. ಅವ್ವ ಪಾತ್ರೆ ತಿಕ್ಕಲು ಜರಡಿ ಹಿಡಿದು ಡಬ್ಬಿಯಲ್ಲಿ ತುಂಬಿಕೊಳ್ಳುತ್ತಾಳೆ.